ಜಠರಾಗ್ನಿಯೂ ಅನ್ನದ ಋಣವೂ

ನಮ್ಮೂರ ದೇವಾಲಯದ ಜೀರ್ಣೋದ್ಧಾರ ಸಮಿತಿಯವರು ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದಾಗ ನಾನು ಮೊದಲು ಸಂಕೋಚಪಟ್ಟೆನು. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಹೊಟ್ಟೆಪಾಡಿಗಾಗಿ ಮರಾಠಿಯಲ್ಲಿ ಲೆಕ್ಕ ಬರೆದು, ಜತ್ತ ತಾಲೂಕಿನ ಹಳ್ಳಿಗಳಲ್ಲಿ ಸಾತಬಾರಾ ಉತಾರೆ, ಫೇರಫಾರಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ಗ್ರಾಮಲೆಕ್ಕಿಗನಿಗೆ ಧರ್ಮವಿಚಾರವನ್ನು ಬರೆಯುವ ಅಧಿಕಾರವೆಲ್ಲಿಯದು? ಆದರೆ ಸಮಿತಿಯವರು ಕಳಿಸಿದ ಪತ್ರಿಕೆಯ ನೆತ್ತಿಯ ಮೇಲೆ ಅಚ್ಚಾಗಿದ್ದ 'ಜೀರ್ಣ' ಎಂಬ ಶಬ್ದವೇ ನನ್ನನ್ನು ಹಿಡಿದು ನಿಲ್ಲಿಸಿತು. ಅದರ ಬೆನ್ನು ಹತ್ತಿ ಹೋದುದರ ಫಲವೇ ಈ ಬರಹ.

ಸಂಸ್ಕೃತದಲ್ಲಿ ಜೀರ್ಣವೆಂದರೆ ಹಳೆಯದಾದದ್ದು, ಸವೆದದ್ದು, ಶಿಥಿಲವಾದದ್ದು. ಅದೇ ಶಬ್ದಕ್ಕೆ ಹೊಟ್ಟೆಯಲ್ಲಿ ಅರಗಿದ್ದು ಎಂಬ ಅರ್ಥವೂ ಉಂಟು. ಗುಡಿಯ ತೊಲೆಯು ಗೆದ್ದಲು ಹಿಡಿದು ಜೀರ್ಣವಾಗುತ್ತದೆ. ಉಂಡ ರೊಟ್ಟಿಯು ಜಠರದಲ್ಲಿ ಜೀರ್ಣವಾಗುತ್ತದೆ. ನಮ್ಮ ನೆರೆಯ ಮರಾಠಿಯಲ್ಲಿ ಇದೇ ಧಾತುವಿನಿಂದ 'ಜಿರಣೆ' ಎಂಬ ಕ್ರಿಯಾಪದವು ಹುಟ್ಟಿದೆ. 'ಪಾಣಿ ಅಡವಾ, ಪಾಣಿ ಜಿರವಾ' ಎಂಬ ಬರಹವನ್ನು ನಮ್ಮ ಕಡೆಯ ಗೋಡೆಗಳ ಮೇಲೆ ಓದದವರಿಲ್ಲ. ನೆಲವು ನೀರನ್ನು ಕುಡಿದು ತನ್ನದಾಗಿಸಿಕೊಳ್ಳುವುದೂ ಜಿರಣೆಯೇ, ಅನ್ನವು ಅರಗುವುದೂ ಜಿರಣೆಯೇ, ಸೊಕ್ಕಿದವನ ಸೊಕ್ಕು ಇಳಿಯುವುದೂ ಜಿರಣೆಯೇ. ಇನ್ನು ಕನ್ನಡದಲ್ಲಿ ನಾವು 'ದಕ್ಕು' ಎನ್ನುತ್ತೇವೆ. ಕೂಸಿಗೆ ಹಾಲು ದಕ್ಕಿತು. ತಮ್ಮನಿಗೆ ಕೆಳಗಿನ ಹೊಲ ದಕ್ಕಿತು. ದೇವರ ದುಡ್ಡು ತಿಂದವನಿಗೆ ದಕ್ಕೀತೇ? ಹೊಟ್ಟೆಯ ಮಾತೂ ಆಸ್ತಿಯ ಮಾತೂ ಒಂದೇ ಶಬ್ದದಲ್ಲಿ ಹೆಣೆದುಕೊಂಡಿರುವುದು ಸುಮ್ಮನೆ ಅಲ್ಲ. ನಮ್ಮ ಹಿರಿಯರ ಮನಸ್ಸಿನಲ್ಲಿ ಉಣ್ಣುವುದೂ ಒಡೆಯನಾಗುವುದೂ ಬಹಳ ಹತ್ತಿರದ ಸಂಗತಿಗಳಾಗಿದ್ದವು.

ಈ ನುಡಿಗಳ ಹಿಂದೆ ಒಂದು ನಂಬಿಕೆಯುಂಟು. ಅನ್ಯಾಯದ ಅನ್ನವು ಅರಗುವುದಿಲ್ಲ, ಅರಗಿದರೂ ಮೈಗೆ ಹತ್ತುವುದಿಲ್ಲ, ಎಂದಾದರೊಂದು ದಿನ ರೋಗವಾಗಿ ಹೊರಬೀಳುತ್ತದೆ ಎಂಬುದೇ ಆ ನಂಬಿಕೆ. ನಾನೂ ಚಿಕ್ಕಂದಿನಲ್ಲಿ ಇದನ್ನು ಕೇಳುತ್ತಲೇ ಬೆಳೆದೆನು. ಇದು ನಿಜವೇ? ದೇಹವು ತನ್ನೊಳಗೆ ಬಂದ ಅನ್ನವನ್ನು ಇದು ಬೆವರಿನದು, ಇದು ಕಳವಿನದು ಎಂದು ಗುರುತಿಸಬಲ್ಲದೇ? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ಎಲ್ಲಿಂದ ಹುಟ್ಟಿತೆಂಬುದನ್ನು ಮುಂದೆ ಹೇಳುವೆನು. ಅದಕ್ಕೂ ಮೊದಲು ಉಂಡದ್ದು ಏನಾಗುತ್ತದೆ ಎಂಬುದನ್ನು ತಿಳಿದವರ ಗ್ರಂಥಗಳಿಂದ ನಾನು ಸಂಗ್ರಹಿಸಿಕೊಂಡಷ್ಟನ್ನು ವಾಚಕರ ಮುಂದೆ ಇಡುತ್ತೇನೆ.

ಲೆಕ್ಕಿಗನಾದ ನನಗೆ ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಹಿಡಿಸಿದವನು ಇಟಲಿಯ ಪಾದುವಾ ನಗರದ ಸಾಂಕ್ಟೋರಿಯಸ್ ಎಂಬ ವೈದ್ಯನು. ಈತನು ದೊಡ್ಡದೊಂದು ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿಸಿ, ಅದರಲ್ಲಿ ಕುಳಿತೇ ಉಣ್ಣುತ್ತಿದ್ದನು. ಉಂಡದ್ದು, ಕುಡಿದದ್ದು, ಮಲಮೂತ್ರವಾಗಿ ಹೋದದ್ದು ಎಲ್ಲವನ್ನೂ ತೂಗಿ ಬರೆದಿಟ್ಟನು. ಸುಮಾರು ಮೂವತ್ತು ವರ್ಷ ಈ ಕೆಲಸವನ್ನು ಮಾಡಿ 1614ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಜಮೆ ಒಂದು ಕಡೆ, ಖರ್ಚು ಒಂದು ಕಡೆ. ಆದರೆ ಲೆಕ್ಕ ಕೂಡಲಿಲ್ಲ. ಎಂಟು ಪೌಂಡು ಒಳಗೆ ಹೋದರೆ ಕಣ್ಣಿಗೆ ಕಾಣುವಂತೆ ಹೊರಗೆ ಬಂದದ್ದು ಮೂರೇ ಪೌಂಡು. ಉಳಿದ ಐದು ಪೌಂಡು ಎಲ್ಲಿ? ಮೈಯಿಂದಲೂ ಉಸಿರಿನಿಂದಲೂ ಕಾಣದ ಹಬೆಯಾಗಿ ಹೊರಟುಹೋಗುತ್ತದೆಂದು ಆತನು ಬರೆದನು. ಖಾತೆಯಲ್ಲಿ ತೂಕ ತಪ್ಪಿದಾಗ ಯಾರ ಮೇಲಾದರೂ ಹೊರಿಸಿ ಕೈತೊಳೆದುಕೊಳ್ಳುವ ಜನರನ್ನು ನಾನು ಬಹಳ ನೋಡಿದ್ದೇನೆ. ಈ ಪುಣ್ಯಾತ್ಮನು ಹಾಗೆ ಮಾಡದೆ, ಕಾಣದ ಖರ್ಚಿಗೂ ಒಂದು ಸಾಲು ಬಿಟ್ಟು ತೂಕ ಹಾಕಿದನು.

ಆ ಕಾಣದ ಖರ್ಚಿನ ಗುಟ್ಟನ್ನು ಒಡೆದವನು ಫ್ರಾನ್ಸಿನ ಲಾವೋಸಿಯೆ. ಈತನು ಒಂದು ವಿಧದಲ್ಲಿ ನನ್ನ ವೃತ್ತಿಬಾಂಧವನೇ. ಅರಸನ ತೆರಿಗೆಯನ್ನು ವಸೂಲು ಮಾಡುವ ಗುತ್ತಿಗೆಯಲ್ಲಿ ಪಾಲುದಾರನಾಗಿದ್ದು, ಆ ಕಾರಣಕ್ಕಾಗಿಯೇ 1794ರಲ್ಲಿ ಕ್ರಾಂತಿಕಾರರ ಕೈಯಿಂದ ತಲೆ ಕಳೆದುಕೊಂಡನು. ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, ಲಾಪ್ಲಾಸನೆಂಬ ಗಣಿತಜ್ಞನೊಡನೆ ಕೂಡಿ, ಗಿನಿಪಿಗ್ ಎಂಬ ಸಣ್ಣ ಪ್ರಾಣಿಯನ್ನು ಮಂಜುಗಡ್ಡೆಯ ಪಾತ್ರೆಯೊಳಗೆ ಇರಿಸಿ, ಅದರ ಮೈಯ ಶಾಖಕ್ಕೆ ಎಷ್ಟು ಮಂಜು ಕರಗಿತೆಂದು ತೂಗಿದನು. ಅದು ಉಸಿರಾಡಿ ಬಿಟ್ಟ ವಾಯುವನ್ನೂ ಅಳೆದನು. ಅಷ್ಟೇ ವಾಯು ಹೊರಡುವಷ್ಟು ಇದ್ದಲನ್ನು ಸುಟ್ಟರೆ ಕರಗುವ ಮಂಜೂ ಹೆಚ್ಚು ಕಡಿಮೆ ಅಷ್ಟೇ. ಎಂದರೆ, ನಾವು ಉಸಿರಾಡುವುದು ಒಂದು ನಿಧಾನವಾದ ಉರಿಯುವಿಕೆಯೇ. ಉಂಡ ಅನ್ನದ ಬಹುಭಾಗವು ಉಸಿರಿನ ಮಾರ್ಗವಾಗಿಯೇ ಹೊರಟುಹೋಗುತ್ತದೆ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು, ತಾನೇ ವೈಶ್ವಾನರನೆಂಬ ಅಗ್ನಿಯಾಗಿ ಪ್ರಾಣಿಗಳ ದೇಹದಲ್ಲಿದ್ದು, ಪ್ರಾಣಾಪಾನಗಳೊಡನೆ ಕೂಡಿ ನಾಲ್ಕು ಬಗೆಯ ಅನ್ನವನ್ನು ಪಚನ ಮಾಡುವೆನೆಂದು ಹೇಳಿರುವುದನ್ನು ಬಲ್ಲವರಿಗೆ ಇಲ್ಲಿ ರೋಮಾಂಚವಾದೀತು. ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಎದೆ ತಟ್ಟಿಕೊಳ್ಳುವುದು ನನಗೆ ಒಗ್ಗದು. ಅವರು ಧ್ಯಾನದಿಂದ ಅಗ್ನಿಯೆಂದರು, ಈತನು ತಕ್ಕಡಿಯಿಂದ ಅಗ್ನಿಯೆಂದನು. ದಾರಿಗಳು ಬೇರೆ, ಎರಡಕ್ಕೂ ಮರ್ಯಾದೆಯುಂಟು.

ಇನ್ನು ಹೊಟ್ಟೆಯೊಳಗಿನ ಕೆಲಸ. ಜೋಳದ ರೊಟ್ಟಿಯ ತುತ್ತು ಬಾಯಿಗೆ ಬಿದ್ದೊಡನೆ ಜೊಲ್ಲಿನಲ್ಲಿರುವ ಒಂದು ದ್ರವ್ಯವು ಅದರ ಪಿಷ್ಟವನ್ನು ಒಡೆಯಲಾರಂಭಿಸುತ್ತದೆ. ಚೆನ್ನಾಗಿ ಅಗಿದ ರೊಟ್ಟಿ ಸಿಹಿಯಾಗುವುದು ಇದರಿಂದಲೇ. ಜಠರದಲ್ಲಿ ಲವಣಾಮ್ಲವಿದೆ; ಅದರ ತೀಕ್ಷ್ಣತೆ ಲೋಹವನ್ನು ತಿನ್ನುವಂಥದು. ಅದರೊಡನೆ ಪೆಪ್ಸಿನ್ ಎಂಬುದು ಸೇರಿ ಬೇಳೆಕಾಳುಗಳ ಸಸಾರಜನಕವನ್ನು ಕತ್ತರಿಸುತ್ತದೆ. ಆ ಆಮ್ಲವು ಜಠರವನ್ನೇ ಏಕೆ ತಿನ್ನುವುದಿಲ್ಲವೆಂದರೆ, ಜಠರವು ತನ್ನ ಗೋಡೆಗೆ ದಪ್ಪನಾದ ಲೋಳೆಯನ್ನು ಬಳಿದುಕೊಂಡಿರುತ್ತದೆ. ಆ ಒಳಗೋಡೆಯನ್ನೂ ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಅಲ್ಲಿಂದ ಮುಂದೆ ಸುಮಾರು ಆರು ಮೀಟರು ಉದ್ದದ ಸಣ್ಣ ಕರುಳು. ಪಿತ್ತವು ಎಣ್ಣೆ ಬೆಣ್ಣೆಗಳನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ; ಮೇದೋಜೀರಕ ಗ್ರಂಥಿಯ ರಸವು ಉಳಿದದ್ದನ್ನೆಲ್ಲ ಕತ್ತರಿಸಿ ಮುಗಿಸುತ್ತದೆ. ಜೋಳದ ಪಿಷ್ಟ ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತದೆ. ಶೇಂಗಾದ ಹಿಟ್ಟು, ಕಡಲೆಯ ಬೇಳೆ, ಎಮ್ಮೆಯ ಹಾಲು ಇವುಗಳೆಲ್ಲವುಗಳ ಸಸಾರಜನಕವೂ ಕೇವಲ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಾಗಿ ಬಿಡಿಬಿಡಿಯಾಗುತ್ತದೆ. ತೌಡಿನ ನಾರನ್ನು ನಮ್ಮ ರಸಗಳು ಒಡೆಯಲಾರವು. ಅದು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ಪಾಲು. ದಾಸೋಹದಲ್ಲಿ ಕಡೆಯ ಪಂಕ್ತಿಗೂ ಊಟ ಉಳಿಯುವಂತೆ ಇದು.

ಇಲ್ಲಿ ನಾನು ವಾಚಕರನ್ನು ಒಂದು ಕ್ಷಣ ತಡೆದು ನಿಲ್ಲಿಸಬಯಸುತ್ತೇನೆ. ಹೀಗೆ ಒಡೆದ ಮೇಲೆ ಆ ಸಕ್ಕರೆಯ ಕಣದ ಮೇಲೆ ಯಾವ ಹೆಸರೂ ಉಳಿದಿರುವುದಿಲ್ಲ. ಅದು ಯಾವ ಹೊಲದ ಜೋಳದ್ದು, ಯಾರ ಕೈ ಬಡಿದ ರೊಟ್ಟಿಯದು, ಯಾವ ಜಾತಿಯವರ ಒಲೆಯ ಮೇಲೆ ಬೆಂದದ್ದು, ಕೊಂಡದ್ದೋ ಕದ್ದದ್ದೋ ಎಂಬ ಎಲ್ಲ ಗುರುತುಗಳೂ ಅಲ್ಲಿ ಅಳಿಸಿಹೋಗುತ್ತವೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಲ್ಲಿ ಮೇಲಿನ ಕೇರಿಯದೊಂದು ಕೆಳಗಿನ ಕೇರಿಯದೊಂದು ಎಂಬುದಿಲ್ಲ. ಎಷ್ಟೋ ತಲೆಮಾರು ಬೇರೆ ಬೇರೆ ಪಂಕ್ತಿಯಲ್ಲಿ ಕೂಡ್ರಿಸಿ ಉಣಿಸಿದ ನಮ್ಮ ಊರುಗಳಿಗೆ ಇದನ್ನು ತಿಳಿದು ನಾಚಿಕೆಯಾಗಬೇಕು. ಆದರೆ ಇದೇ ಸತ್ಯಕ್ಕೆ ಇನ್ನೊಂದು ಮುಖವೂ ಉಂಟು. ಒಳ್ಳೆಯವನ ಅನ್ನಕ್ಕೂ ಕೆಟ್ಟವನ ಅನ್ನಕ್ಕೂ ಅಲ್ಲಿ ಭೇದವಿಲ್ಲವೆಂದಾಗ, ಕಳ್ಳನ ಹೊಟ್ಟೆಯೂ ಸಾಧುವಿನ ಹೊಟ್ಟೆಯಷ್ಟೇ ಸುಖವಾಗಿ ಅರಗಿಸಿಕೊಳ್ಳುತ್ತದೆ. ಅಗಸ್ತ್ಯರು ಹೊಟ್ಟೆಯನ್ನು ಸವರಿಕೊಂಡು ವಾತಾಪಿಯನ್ನು ಜೀರ್ಣ ಮಾಡಿಕೊಂಡ ಕಥೆಯನ್ನು ಕೇಳಿದ್ದೇವೆ. ತಿಂದವನು ಋಷಿ, ತಿನ್ನಿಸಿಕೊಂಡವನು ರಾಕ್ಷಸ. ತಿಂದವನೇ ರಾಕ್ಷಸನಾಗಿದ್ದು ತಿನ್ನಿಸಿಕೊಂಡವನು ನಿರಪರಾಧಿಯಾಗಿದ್ದರೂ ಜಠರದ ಕೆಲಸದಲ್ಲಿ ಏನೂ ವ್ಯತ್ಯಾಸವಾಗುತ್ತಿರಲಿಲ್ಲ.

ಹಾಗಾದರೆ ಹೊಟ್ಟೆ ಶುದ್ಧ ಯಂತ್ರವೇ? ಹಾಗೂ ಹೇಳಲಾಗದು. 1822ರಲ್ಲಿ ಉತ್ತರ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಬಡ ಕೂಲಿಯವನಿಗೆ ಬಂದೂಕಿನ ಗುಂಡು ತಗುಲಿ, ಗಾಯ ಮಾಗಿದರೂ ಜಠರಕ್ಕೆ ಬಿದ್ದ ರಂಧ್ರವು ಮುಚ್ಚಲಿಲ್ಲ. ಬೋಮಾಂಟ್ ಎಂಬ ಸೈನ್ಯದ ವೈದ್ಯನು ಮಾಂಸದ, ರೊಟ್ಟಿಯ ಚೂರುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಆ ರಂಧ್ರದಿಂದ ಇಳಿಬಿಟ್ಟು, ಯಾವುದು ಎಷ್ಟು ಹೊತ್ತಿಗೆ ಕರಗುತ್ತದೆಂದು ನೋಡಿ, 1833ರಲ್ಲಿ ಗ್ರಂಥ ಬರೆದನು. ಆ ಕೂಲಿಯವನಿಗೆ ಸಿಟ್ಟು ಬಂದಾಗ ಪಚನವು ಕೆಡುತ್ತಿತ್ತೆಂಬುದನ್ನೂ ಆತನು ಬರೆದಿದ್ದಾನೆ. ಸಿಟ್ಟು ಬಾರದೆ ಏನಾದೀತು? ತನ್ನ ಹೊಟ್ಟೆಯನ್ನೇ ಪಾಠಶಾಲೆ ಮಾಡಿಕೊಂಡವನ ಸಂಬಳಕ್ಕೆ ಮನೆಯ ಚಾಕರಿಯನ್ನೂ ಮಾಡಿಕೊಂಡಿರಬೇಕಾಗಿತ್ತು ಆ ಬಡವನು. ಆತನು 1880ರವರೆಗೆ ಬದುಕಿ, ವೈದ್ಯನಿಗಿಂತ ಇಪ್ಪತ್ತೇಳು ವರ್ಷ ತಡವಾಗಿ ತೀರಿಕೊಂಡನು. ವೈದ್ಯರು ಹೆಣವನ್ನು ಕೊಯ್ಯಬಾರದೆಂದು ಮನೆಯವರು ಅದು ಕೊಳೆಯುವವರೆಗೆ ಕಾದು ಹೂಳಿದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಎಂದಮೇಲೆ ಮನಸ್ಸು ಹೊಟ್ಟೆಗೆ ಕೈ ಚಾಚಬಲ್ಲದು. ಅಂಜಿ ಉಂಡವನಿಗೂ ಸಿಟ್ಟಿನಲ್ಲಿ ಉಂಡವನಿಗೂ ಅನ್ನ ನೆಟ್ಟಗೆ ಇಳಿಯದು. ಅಂಜಿಕೆಯೇ ಇಲ್ಲದೆ ಕದ್ದು ಉಂಡವನಿಗೆ ಮಾತ್ರ ಹೊಟ್ಟೆಯಿಂದ ಯಾವ ತೊಂದರೆಯೂ ಇಲ್ಲ.

ದೇಹದಲ್ಲಿ ವಿಚಾರಣೆ ನಡೆಸುವ ಕಚೇರಿಯೊಂದು ಇರುವುದಾದರೆ ಅದು ಯಕೃತ್ತು. ಕರುಳಿನಿಂದ ಹೊರಟ ರಕ್ತವು ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಒಂದೂವರೆ ಕಿಲೋ ತೂಕದ ಈ ಅಂಗದ ಮೂಲಕ ಹಾಯ್ದುಹೋಗಬೇಕು. ನಾಕೆಬಂದಿಯ ಚೌಕಿಯಂತೆ ಇದು ಬಂದದ್ದನ್ನು ತಡೆದು ನೋಡುತ್ತದೆ. ಸಕ್ಕರೆ ಹೆಚ್ಚಾದರೆ ಕೂಡಿಡುತ್ತದೆ, ಅಮೋನಿಯವೆಂಬ ವಿಷವನ್ನು ಯೂರಿಯವಾಗಿ ಮಾರ್ಪಡಿಸಿ ಮೂತ್ರಕ್ಕೆ ಕಳಿಸುತ್ತದೆ, ನುಂಗಿದ ಮಾತ್ರೆಯನ್ನು ಒಡೆದು ನೀರಿನಲ್ಲಿ ಕರಗುವಂತೆ ಮಾಡಿ ಸಾಗಹಾಕುತ್ತದೆ. ಆದರೆ ಈ ಕಚೇರಿಯೂ ಕೆಲವೊಮ್ಮೆ ಒಂದು ವಿಷವನ್ನು ಮುರಿಯಲು ಹೋಗಿ ಇನ್ನೊಂದು ಹೆಚ್ಚಿನ ವಿಷವನ್ನು ಹುಟ್ಟಿಸುತ್ತದೆ. ಸೆರೆಯನ್ನು ಕುಡಿದಾಗ ಯಕೃತ್ತು ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬುದಾಗಿ ಒಡೆಯುತ್ತದೆ; ಇದು ಸೆರೆಗಿಂತಲೂ ಕೆಟ್ಟದ್ದು. ಆಮೇಲೆ ಅದನ್ನು ನಿರುಪದ್ರವಿಯಾದ ಅಸಿಟೇಟ್ ಮಾಡುತ್ತದೆ. ಗಂಟೆಗೆ ಇಷ್ಟೇ ಎಂಬ ಮಿತಿಯುಂಟು. ಅವಸರ ಮಾಡಿದರೆ ಕೆಲಸ ಮುಂದುವರಿಯದು. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯೂ ಹಾಗೆಯೇ: ಮಿತಿಯಲ್ಲಿ ಸಜ್ಜನ, ಮಿತಿ ಮೀರಿದರೆ ಅದನ್ನು ಒಡೆದಾಗ ಹುಟ್ಟುವ ಅಂಶವೇ ಯಕೃತ್ತನ್ನು ಕೊಲ್ಲುತ್ತದೆ. ನನ್ನ ಸೋದರಮಾವನೊಬ್ಬರು ಕುಡಿತದಿಂದ ಹಳದಿ ಹತ್ತಿ, ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ಅವರು ಕುಡಿದದ್ದೆಲ್ಲ ಸ್ವಂತ ದುಡಿಮೆಯ ದುಡ್ಡಿನದು, ಒಂದು ಪೈ ಅನ್ಯಾಯದ್ದಲ್ಲ. ಯಕೃತ್ತು ಅದನ್ನು ಗಣಿಸಲಿಲ್ಲ. ಅದರ ವಿಚಾರಣೆ ದ್ರವ್ಯದ್ದು. ದ್ರವ್ಯವು ಬಂದ ಮಾರ್ಗದ್ದಲ್ಲ.

ಈಗ ಕೀರ್ತನಕಾರರು ಹೇಳುವ ಒಂದು ಕಥೆಗೆ ಬರುತ್ತೇನೆ. ಶರಶಯ್ಯೆಯ ಮೇಲೆ ಮಲಗಿ ಭೀಷ್ಮರು ಧರ್ಮವನ್ನು ಉಪದೇಶಿಸುತ್ತಿದ್ದಾಗ ದ್ರೌಪದಿಯು ನಕ್ಕಳಂತೆ. ಸಭೆಯಲ್ಲಿ ನನ್ನ ಸೀರೆಯನ್ನು ಸೆಳೆದಾಗ ಈ ಧರ್ಮವೆಲ್ಲಿತ್ತು ಎಂಬುದು ಆ ನಗೆಯ ಅರ್ಥ. ಆಗ ಭೀಷ್ಮರು, ದುರ್ಯೋಧನನ ಅನ್ನವನ್ನು ಉಂಡು ನನ್ನ ರಕ್ತ ಕೆಟ್ಟಿತ್ತು, ಬಾಣಗಳಿಂದ ಆ ರಕ್ತವೆಲ್ಲ ಸೋರಿಹೋಗಿ ಈಗ ಬುದ್ಧಿ ತಿಳಿಯಾಯಿತು ಎಂದರಂತೆ. ಈ ಕಥೆ ನನ್ನನ್ನು ಬಹಳ ವರ್ಷ ಕಾಡಿತು. ವೈದ್ಯರು ಹೇಳುವಂತೆ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಲೆಕ್ಕ ಹಾಕಿ ನೋಡಿದರೆ, ಭೀಷ್ಮರು ನಾಲ್ಕು ತಿಂಗಳು ವಿದುರನ ಮನೆಯಲ್ಲಿ ಉಂಡಿದ್ದರೆ ಸಾಕಾಗಿತ್ತು. ಬಾಣಗಳ ಹಂಗಿಲ್ಲದೆಯೇ ರಕ್ತವು ಹೊಸದಾಗುತ್ತಿತ್ತು. ಎಂದಮೇಲೆ ಪಿತಾಮಹರ ಉತ್ತರವು ನುಣುಚಿಕೊಳ್ಳುವ ಉತ್ತರವೆಂದೇ ನಾನು ಒಂದು ಕಾಲಕ್ಕೆ ತೀರ್ಮಾನಿಸಿದ್ದೆನು.

ಆ ತೀರ್ಮಾನವನ್ನು ಅಲುಗಿಸಿದ್ದು ರುಡಾಲ್ಫ್ ಶೋನ್‌ಹೈಮರ್ ಎಂಬ ವಿಜ್ಞಾನಿಯ ಕೆಲಸ. ಜರ್ಮನಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ ಈತನು 1930ರ ದಶಕದಲ್ಲಿ, ತೂಕದಲ್ಲಿ ತುಸು ಭಾರವಾದ ಜಲಜನಕ, ಸಾರಜನಕಗಳನ್ನು ಗುರುತಿನ ಮುದ್ರೆಯಂತೆ ಆಹಾರದಲ್ಲಿ ಬೆರೆಸಿ ಇಲಿಗಳಿಗೆ ತಿನ್ನಿಸಿದನು. ಅದುವರೆಗೆ ಪಂಡಿತರು ದೇಹವನ್ನು ಕಟ್ಟಿ ಮುಗಿದ ಮನೆಯೆಂದೂ, ಅನ್ನವನ್ನು ಒಲೆಯ ಸೌದೆಯೆಂದೂ ಬಗೆದಿದ್ದರು. ಸೌದೆ ಉರಿದುಹೋಗುತ್ತದೆ, ಮನೆ ಇದ್ದಂತೆಯೇ ಇರುತ್ತದೆ. ಆದರೆ ಮುದ್ರೆಯೊತ್ತಿದ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು, ಬೆಳವಣಿಗೆ ಮುಗಿದ ಇಲಿಯ ಮೈಯಲ್ಲೇ ಸೇರಿಕೊಂಡುಬಿಟ್ಟಿತ್ತು. ಇಲಿಯ ತೂಕ ಮಾತ್ರ ಹೆಚ್ಚಿರಲಿಲ್ಲ. ಅಂದರೆ ಸೇರಿದಷ್ಟೇ ಹಳೆಯದು ಕಳಚಿಹೋಗಿತ್ತು. ಮನೆಯ ಗೋಡೆಯನ್ನು ಪ್ರತಿದಿನ ಇಟ್ಟಿಗೆ ಇಟ್ಟಿಗೆಯಾಗಿ ಕಿತ್ತು, ಅದೇ ಜಾಗದಲ್ಲಿ ಹೊಸ ಇಟ್ಟಿಗೆಯನ್ನಿಡುವ ಕೆಲಸ ಬೆಳಗಿನಿಂದ ಬೆಳಗಿನವರೆಗೆ ನಡೆದಿರುತ್ತದೆ. ಪ್ರೌಢ ಮನುಷ್ಯನ ದೇಹವು ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಸಸಾರಜನಕವನ್ನು ಹೀಗೆ ಒಡೆದು ಕಟ್ಟುತ್ತದೆ. ಎಲುಬು ಕೂಡ ಸುಮಾರು ಹತ್ತು ವರ್ಷಕ್ಕೆ ಬಹುಮಟ್ಟಿಗೆ ಹೊಸದಾಗುತ್ತದೆ. ಗುಡಿಯ ಜೀರ್ಣೋದ್ಧಾರ ನೂರು ವರ್ಷಕ್ಕೊಮ್ಮೆ ಬಂದರೆ, ಮೈಯ ಜೀರ್ಣೋದ್ಧಾರಕ್ಕೆ ಬಿಡುವೇ ಇಲ್ಲ. ಹಲ್ಲಿನ ಮೇಲಿನ ಕವಚ, ಕಣ್ಣಿನ ಮಸೂರದ ತಿರುಳು, ಮೆದುಳಿನ ಬಹುತೇಕ ನರಕೋಶಗಳು ಇಂಥ ಕೆಲವು ಮಾತ್ರ ಮೂಲಸ್ಥಾನದ ಲಿಂಗದಂತೆ ಕಡೆಯವರೆಗೂ ಉಳಿಯುತ್ತವೆ. ಹಳೆಯ ರಕ್ತಕಣ ಒಡೆದಾಗ ಅದರ ಕಬ್ಬಿಣವನ್ನು ದೇಹವು ಬಿಸಾಡುವುದಿಲ್ಲ. ಹಳೆಯ ಗುಡಿಯ ಗಟ್ಟಿ ಕಲ್ಲುಗಳಿಗೆ ಅಂಕಿ ಹಾಕಿ ಎತ್ತಿಟ್ಟು ಮತ್ತೆ ಕೂಡ್ರಿಸುವಂತೆ, ಆ ಕಬ್ಬಿಣವನ್ನು ಹೊಸ ಕಣಕ್ಕೆ ಬಳಸಿಕೊಳ್ಳುತ್ತದೆ.

ಇದನ್ನು ಓದಿದ ಮೇಲೆ ಭೀಷ್ಮರ ಮಾತು ನನಗೆ ಬೇರೆ ರೀತಿಯಾಗಿ ಕೇಳಿಸತೊಡಗಿತು. ರಕ್ತವು ನಾಲ್ಕು ತಿಂಗಳಿಗೆ ಹೊಸದಾಗುವುದು ನಿಜ. ಆದರೆ ಆ ಹೊಸ ರಕ್ತವು ಎಲ್ಲಿಯ ಅನ್ನದಿಂದ ಆಗುತ್ತಿತ್ತು? ಅದೇ ಅರಮನೆಯ ಅಡಿಗೆಯಿಂದಲೇ ಅಲ್ಲವೇ? ದುರ್ಯೋಧನನ ಅನ್ನದಲ್ಲಿ ಯಾವ ವಿಷವೂ ಇರಲಿಲ್ಲ. ನಾಳೆಯ ರಕ್ತಕ್ಕೂ ಆ ಬಾಗಿಲಿಗೇ ಹೋಗಬೇಕೆಂಬುದೇ ಪಿತಾಮಹರ ಬಾಯಿಯನ್ನು ಕಟ್ಟಿತು. ಶರಶಯ್ಯೆಯ ಮೇಲೆ 58 ದಿನ ಮಲಗಿದ್ದಾಗ ಆ ಬಾಗಿಲಿಗೆ ಹೋಗುವ ಅಗತ್ಯವಿರಲಿಲ್ಲ, ಬಾಯಿ ಬಿಚ್ಚಿತು. ಸಂಬಳದ ಮೇಲೆ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನ್ನವು ಬಂದ ಊರಿನ ಗುರುತು ಮೈಯಲ್ಲಿ ಉಳಿಯದೆಂಬುದಕ್ಕೆ ನಾನೇ ಸಾಕ್ಷಿ. 1972ರ ಬರದಲ್ಲಿ ನನಗೆ ನಾಲ್ಕು ವರ್ಷ. ಮಹಾರಾಷ್ಟ್ರವೆಲ್ಲ ಬೆಂದುಹೋಗಿತ್ತು, ನಮ್ಮ ಕಡೆಯ ಹೆಂಗಸರು ಗಂಡಸರು ಕಲ್ಲು ಒಡೆಯುವ ಕಾಮಗಾರಿಗೆ ಹೋದರು. ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳವನ್ನೂ ಸುಕಡಿಯನ್ನೂ ತಿಂದು ಊರು ಬದುಕಿತು. ಆ ಜೋಳದ ರೊಟ್ಟಿ ಹರಿಯುತ್ತಿರಲಿಲ್ಲ, ಬಡಿದರೆ ಬಿರಿಯುತ್ತಿತ್ತು ಎಂದು ನನ್ನ ತಾಯಿ ಕೊನೆಯವರೆಗೂ ದೂರುತ್ತಿದ್ದಳು. ಕಾಣದ ದೇಶದ ರೈತನೊಬ್ಬನ ಹೊಲದ ಕಾಳು ನನ್ನ ಮೊಣಕಾಲಿನ ಎಲುಬಾಯಿತು. ಮೊಣಕಾಲು ಕನ್ನಡದ್ದೇ ಆಗಿ ಬೆಳೆಯಿತು.

ಅನ್ನವೇ ಬಾರದಿದ್ದಾಗ ಆಗುವುದನ್ನೂ ಇಲ್ಲಿ ಹೇಳಬೇಕು. ಏಕಾದಶಿ, ಶಿವರಾತ್ರಿಗಳ ಒಂದು ದಿನದ ಉಪವಾಸವು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಲ್ಲಿಯೇ ಕಳೆದುಹೋಗುತ್ತದೆ. ಅದು ಹಗೇವಿನ ಬಾಯಿಯ ಕಾಳನ್ನು ತೆಗೆದಂತೆ. ಮುಂದೆ ದೇಹವು ಕೊಬ್ಬನ್ನು ಕರಗಿಸಿ ಉರಿಸುತ್ತದೆ. ಅದರೊಡನೆ ಸ್ನಾಯುಗಳನ್ನೂ ಒಡೆಯುತ್ತದೆ, ಏಕೆಂದರೆ ಮೆದುಳಿಗೆ ಸಕ್ಕರೆ ಬೇಕು, ಕೊಬ್ಬಿನಿಂದ ಅದನ್ನು ಬೇಕಾದಷ್ಟು ಮಾಡಲಾಗದು. ಕೆಲವು ದಿನ ಕಳೆದ ಮೇಲೆ ಮೆದುಳು ಕೊಬ್ಬಿನಿಂದಾದ ಬೇರೊಂದು ಇಂಧನಕ್ಕೆ ಒಗ್ಗಿಕೊಂಡು ಸ್ನಾಯುಗಳ ಮೇಲಿನ ಹೊರೆಯನ್ನು ಕಡಿಮೆ ಮಾಡುತ್ತದೆ. ಕೊಬ್ಬೂ ತೀರಿದಾಗ ಉಳಿಯುವುದು ಒಂದೇ ಮಾರ್ಗ: ಸೌದೆಯಿಲ್ಲದವನು ಮನೆಯ ತೊಲೆಯನ್ನು ಕಿತ್ತು ಒಲೆಗೆ ಹಾಕುವಂತೆ, ತನ್ನನ್ನು ತಾನೇ ಜೀರ್ಣ ಮಾಡಿಕೊಳ್ಳುವುದು. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ನೀರನ್ನಷ್ಟೇ ಕುಡಿದಿರಲು ಹೇಳಿ, ಆಮೇಲೆ ಕಲಿತ ವೇದವನ್ನು ಹೇಳೆಂದಾಗ ಮಗನಿಗೆ ಒಂದಕ್ಷರವೂ ನೆನಪಾಗಲಿಲ್ಲ. ಉಂಡು ಬಂದ ಮೇಲೆ ಎಲ್ಲವೂ ನೆನಪಾಯಿತು. ಮನಸ್ಸು ಅನ್ನಮಯವೆಂಬುದನ್ನು ತಂದೆ ಹೀಗೆ ಮಗನಿಗೆ ತೋರಿಸಿದನು. ಶ್ವೇತಕೇತುವಿಗೆ ಉಣ್ಣಲು ಮನೆಯಲ್ಲಿ ಅನ್ನವಿತ್ತು.

ಈಗ ನನ್ನ ಪ್ರಶ್ನೆ ಹುಟ್ಟಿದ ಸ್ಥಳಕ್ಕೆ ಬರುತ್ತೇನೆ. 1999ರ ಸುಗ್ಗಿಯ ಕಾಲ. ನಾನು ಆಗ ಬೇರೊಂದು ಹಳ್ಳಿಯ ಸಜ್ಜೆಯಲ್ಲಿದ್ದೆನು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು, ಹೊಲದ ಉತಾರೆಗೆ ವಾರಸಾ ಹಕ್ಕಿನಿಂದ ತನ್ನ ಹೆಸರನ್ನೂ ಮಕ್ಕಳ ಹೆಸರನ್ನೂ ಏರಿಸಬೇಕೆಂದು ಅರ್ಜಿ ಕೊಟ್ಟಳು. ನೋಟೀಸಿನ ಹದಿನೈದು ದಿನ ಮುಗಿದೊಡನೆ ಆಗತಕ್ಕ ಕೆಲಸ. ಎರಡು ದಿನ ಬಿಟ್ಟು ಮೃತನ ಅಣ್ಣನು ಸಂಜೆಯ ಹೊತ್ತಿಗೆ ಬಂದು, ಅವಸರ ಮಾಡಬೇಡಿರೆಂದು ಹೇಳಿ, ಒಂದು ಚೀಲ ಬಿಳಿ ಜೋಳವನ್ನು ಪಡಸಾಲೆಯಲ್ಲಿ ಇಳಿಸಿ ಹೋದನು. ಸುಳ್ಳು ಬರೆಯೆಂದು ಆತನು ಕೇಳಲಿಲ್ಲ, ನಾನು ಬರೆಯಲೂ ಇಲ್ಲ. ಅರ್ಜಿಯನ್ನು ಕಟ್ಟಿನ ಕೆಳಗೆ ಇಟ್ಟೆನು, ಅಷ್ಟೇ. ಉತಾರೆಯಲ್ಲಿ ಹೆಸರಿಲ್ಲದ್ದರಿಂದ ಸೊಸಾಯಟಿಯ ಬೆಳೆಸಾಲ ಆಕೆಗೆ ಸಿಗಲಿಲ್ಲ. ಮುಂಗಾರಿಗೆ ಬೀಜವಿಲ್ಲದೆ ಹೊಲ ಬೀಳುಬಿತ್ತು. ಆಕೆ ಅದನ್ನು ಮೈದುನನಿಗೆ ಅಗ್ಗದ ಲಾವಣಿಗೆ ಬಿಡಲೆಂಬುದೇ ಎಲ್ಲದರ ಉದ್ದೇಶವಾಗಿತ್ತು. ಆಕೆ ಬಿಡಲಿಲ್ಲ. ಏಳು ತಿಂಗಳ ಮೇಲೆ, ಮೇಲಿನವರ ತಪಾಸಣೆ ಬರುತ್ತದೆಂಬ ಸುದ್ದಿ ಹುಟ್ಟಿದ್ದರಿಂದ, ನಾನೇ ನೋಂದನ್ನು ಮಾಡಿ ಮುಗಿಸಿದೆನು.

ಆ ಚೀಲದ ಜೋಳವು ಆರು ಜನರ ನಮ್ಮ ಮನೆಗೆ ನಲವತ್ತು ದಿನ ಬಂದಿತು. ಒಳ್ಳೆಯ ಜೋಳ, ಹಾಲಿನಂಥ ರೊಟ್ಟಿ. ನನಗೆ ಹೊಟ್ಟೆ ನೋಯಲಿಲ್ಲ, ಮಕ್ಕಳಿಗೆ ವಾಂತಿಯಾಗಲಿಲ್ಲ. ಆ ವರ್ಷ ನನ್ನ ಹಿರಿಯ ಮಗನು ಎರಡು ಬೆರಳು ಎತ್ತರ ಬೆಳೆದನು. ಅನ್ಯಾಯದ ಅನ್ನ ದಕ್ಕುವುದಿಲ್ಲವೆಂಬ ಮಾತನ್ನು ನಾನು ಒಳಗೊಳಗೇ ಕಾಯುತ್ತಿದ್ದೆನು. ಏನಾದರೂ ಆಗಿದ್ದರೆ ಒಂದು ವಿಧದಲ್ಲಿ ಹಗುರವಾಗುತ್ತಿತ್ತು, ಶಿಕ್ಷೆ ಮುಗಿಯಿತೆಂದುಕೊಳ್ಳಬಹುದಾಗಿತ್ತು. ಏನೂ ಆಗಲಿಲ್ಲ. ಅದರ ಕಬ್ಬಿಣದ ಕಣವೊಂದೆರಡು ಇಂದಿಗೂ ನನ್ನ ರಕ್ತದಲ್ಲಿ ಸುತ್ತುತ್ತಿದ್ದೀತು. ಯಾವ ವೈದ್ಯನೂ ಅದನ್ನು ಬೇರ್ಪಡಿಸಿ ತೋರಿಸಲಾರನು.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಂಡತಿಯಾದ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳಿಸಿದಳೆಂಬುದನ್ನು ನಾವೆಲ್ಲರೂ ಕೇಳಿದ್ದೇವೆ. ಆಕೆ ಕಳಿಸಿದ್ದು ಯಾವಾಗ ಎಂಬುದರ ಕಡೆಗೆ ನನ್ನ ಲಕ್ಷ್ಯ ಇತ್ತೀಚೆಗೆ ಹೋಯಿತು. ಒಲೆ ಹೊತ್ತಿಸುವ ಮೊದಲು. ಅಕ್ಕಿಯು ಇನ್ನೂ ಅಕ್ಕಿಯಾಗಿರುವಾಗ, ಅದನ್ನು ಹಿಂದಕ್ಕೆ ಕೊಡಲು ಸಾಧ್ಯವಿರುವಾಗ. ಗಂಟಲು ಇಳಿದ ಮೇಲೆ ಅದು ಮಾರಯ್ಯನ ಮೈಯಾಗುತ್ತಿತ್ತು, ಲಕ್ಕಮ್ಮನ ಮೈಯಾಗುತ್ತಿತ್ತು. ಯಾರಿಗೆ ಯಾವುದನ್ನು ಮರಳಿಸುವುದು? ಶಿವನ ನ್ಯಾಯವು ಹೊಟ್ಟೆಯಲ್ಲಿ ನಡೆಯುತ್ತದೆಂದು ಆಕೆ ಕಾಯುತ್ತ ಕೂಡಲಿಲ್ಲ. ನಮ್ಮ ಪಡಸಾಲೆಯಲ್ಲಿ ಆ ಚೀಲವು ಬಾಯಿ ಕಟ್ಟಿಕೊಂಡು ಮೂರು ದಿನ ನಿಂತಿತ್ತು. ನಾಲ್ಕನೆಯ ದಿನ ದಾರವನ್ನು ಬಿಚ್ಚಿದವನು ನಾನೇ.

ಈ ಲೇಖನವನ್ನು ಸಮಿತಿಯವರ ಕೈಗೆ ಕೊಡುವ ಮೊದಲು ನಾನು ಆ ಹಳ್ಳಿಗೆ ಹೋದೆನು. ಆಕೆಗೆ ಈಗ ವಯಸ್ಸಾಗಿದೆ. ಹೊಲವನ್ನು ಮಗನು ಮಾಡುತ್ತಾನೆ. ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆನು. ಮೈದುನನು ಬಂದದ್ದು, ಚೀಲ, ಕಟ್ಟಿನ ಕೆಳಗಿನ ಅರ್ಜಿ. ಆಕೆಗೆ ಚೀಲದ ಸಂಗತಿ ಆಗಲೇ ಗೊತ್ತಿತ್ತಂತೆ. ಹಳ್ಳಿಯಲ್ಲಿ ಏನು ತಾನೇ ಗುಟ್ಟಾಗಿ ಉಳಿದೀತು? ಹೀಗೆ ಬರೆದಿದ್ದೇನೆ, ಹೆಸರು ಹಾಕಿಲ್ಲ, ಬೇಡವೆಂದರೆ ಹರಿದುಹಾಕುವೆನು ಎಂದೆನು. ಆಕೆ ಮೊರವನ್ನು ಕೆಳಗಿಟ್ಟು ಕೇಳಿದಳು: "ಜೋಳ ನಲವತ್ತ ದಿನಾ ಬಂತು ಅಂತ ಬರದೀರಿ. ಆ ಏಳು ತಿಂಗಳ ನಾವೇನ ಉಂಡಿವಿ ಅನ್ನೂದು ಬರದೀರೇನು?"

ಇಲ್ಲವೆಂದೆನು. ನನಗೆ ಅದು ಗೊತ್ತಿರಲೂ ಇಲ್ಲ, ಇಷ್ಟು ವರ್ಷ ಕೇಳಬೇಕೆಂದು ಹೊಳೆದಿರಲೂ ಇಲ್ಲ. ಕೂಡ್ರಿರೆಂದಳು. ತಿಂಗಳು ತಿಂಗಳಾಗಿ, ಯಾವ ತಿಂಗಳಲ್ಲಿ ಯಾರ ಮನೆಯಿಂದ ಎಷ್ಟು ಸೇರು, ಯಾವ ಕಾಮಗಾರಿಯಿಂದ ಎಷ್ಟು, ಯಾವ ದಿನಗಳಲ್ಲಿ ಏನೂ ಇಲ್ಲ ಎಂದು ಹೇಳುತ್ತ ಹೋದಳು. ಒಂದು ಅಂಕಿಗೂ ತಡವರಿಸಲಿಲ್ಲ. ನಾನು ಚೀಲದಿಂದ ವಹಿಯನ್ನು ತೆಗೆದು ಬರೆದುಕೊಂಡೆನು. ಎರಡೂವರೆ ಪುಟವಾಯಿತು. ಅದು ಆಕೆಯ ಲೆಕ್ಕ. ಅದನ್ನು ಇಲ್ಲಿ ಅಚ್ಚು ಹಾಕಿಸುವುದಿಲ್ಲ.